ಕಿಂಡಲ್ಲೋ ಕೋಬೋನೋ ಅನ್ನೋ ಮೊದಲು: ಬೀಗದಕೈ ಯಾರ ಹತ್ತಿರ ಇದೆ?



"ಒಂದು ಇ-ರೀಡರ್ ತಗೋಬೇಕು, ಯಾವುದು ಒಳ್ಳೇದು?" ಅಂತ ಕೇಳೋರು ತುಂಬಾ ಜನ ಇದ್ದಾರೆ. ಮುಂಬೈ, ಚೆನ್ನೈ, ಹೈದರಾಬಾದ್ ಕಡೆಯವರು ಕೇಳುವಾಗ ಅದರ ಹಿಂದಿನ ಕಾರಣ ನನಗೆ ಅರ್ಥ ಆಗುತ್ತೆ. ನಾನೂ ಪುಣೆಯಲ್ಲಿ ಬಾಡಿಗೆ ಮನೆಯಲ್ಲಿರೋನು. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗಲೆಲ್ಲ ಪುಸ್ತಕದ ಪೆಟ್ಟಿಗೆಗಳನ್ನ ಮೂರನೇ ಮಹಡಿಯಿಂದ ಇಳಿಸಿದವರಿಗೆ, ಎಲ್ಲಾ ಪುಸ್ತಕ ಒಂದು ತೆಳ್ಳನೆ ಹಲಗೆಯೊಳಗೆ ಬಂದ್ರೆ ಎಷ್ಟು ಚೆನ್ನ ಅನ್ನಿಸೋದು ಸಹಜ.

ಆದ್ರೆ ಇವತ್ತು ನಾನು ಸ್ಕ್ರೀನ್ ಸೈಜ್, ಬ್ಯಾಟರಿ, ಬೆಲೆ ಹೋಲಿಸಿ ಅಂಕ ಕೊಡೋದಿಲ್ಲ. ಅದಕ್ಕೆ ಬೇರೆ ಬೇಕಾದಷ್ಟು ವೀಡಿಯೋಗಳಿವೆ. ಇದು ಇತಿಹಾಸದ ಮಾತು. ಕಿಂಡಲ್ ಇರಲಿ, ಕೋಬೋ ಇರಲಿ, ಹಳೇ ಸೋನಿ ಇರಲಿ, ನೂಕ್ ಇರಲಿ, ಇವುಗಳ ಪರದೆಯನ್ನ ಮಾಡಿದ್ದು ಬಹುಪಾಲು ಒಂದೇ ಕಂಪನಿ: ಇ ಇಂಕ್. ಹಾಗಿದ್ದರೆ ಈ ಕಂಪನಿಗಳು ಹದಿನೈದು ಇಪ್ಪತ್ತು ವರ್ಷ ಜಗಳ ಆಡಿದ್ದು ಯಾವುದಕ್ಕೆ? ಆ ಜಗಳದಲ್ಲಿ ಲೈಬ್ರರಿಗಳಿಗೆ ಏನಾಯ್ತು? ಅದರೊಳಗೆ ಕನ್ನಡ ಎಲ್ಲಿ ನಿಂತಿದೆ? ಇದು ಗೊತ್ತಾದ್ರೆ ಯಾವುದನ್ನ ಕೊಳ್ಳಬೇಕು ಅನ್ನೋದು ನಿಮಗೇ ಹೊಳೆಯುತ್ತೆ.

ಕಿಂಡಲ್‌ಗಿಂತ ಮುಂಚೆ

ಇ-ಪುಸ್ತಕ ಅಮೆಜಾನ್ ಕಂಡುಹಿಡಿದದ್ದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್ ಅಲ್ಲಿನ ಒಂದು ದೊಡ್ಡ ಕಂಪ್ಯೂಟರ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನ ಕುಳಿತು ಟೈಪ್ ಮಾಡಿದ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಶುರುವಾಗಿದ್ದು ಹಾಗೆ. ಅದಕ್ಕೆ ಬೀಗ ಇರಲಿಲ್ಲ, ಬೆಲೆ ಇರಲಿಲ್ಲ. ಯಾರು ಬೇಕಾದ್ರೂ ನಕಲು ಮಾಡ್ಕೊಳ್ಳಿ ಅನ್ನೋದೇ ಅದರ ಉದ್ದೇಶ.

ಇ-ಪುಸ್ತಕ ವ್ಯಾಪಾರ ಆಗಿದ್ದು ಸುಮಾರು ಇಪ್ಪತ್ತೇಳು ವರ್ಷ ಆದ ಮೇಲೆ. 1998ರಲ್ಲಿ ಕ್ಯಾಲಿಫೋರ್ನಿಯಾದಿಂದ ಎರಡು ಉಪಕರಣಗಳು ಬಂದವು: ರಾಕೆಟ್ ಇಬುಕ್ ಮತ್ತು ಸಾಫ್ಟ್‌ಬುಕ್. ರಾಕೆಟ್ ಮಾಡಿದ ನ್ಯೂವೋಮೀಡಿಯಾ ಕಂಪನಿಯ ಸ್ಥಾಪಕರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 2003ರಲ್ಲಿ ಟೆಸ್ಲಾ ಶುರು ಮಾಡಿದ್ದೂ ಇವರೇ. ಸಣ್ಣ ಉಪಕರಣದಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ತಲೆ ಕೆಡಿಸಿಕೊಂಡವರು ಮುಂದೆ ಕಾರಿನ ಬ್ಯಾಟರಿಗೆ ಹೋದರು.

ರಾಕೆಟ್‌ನ ತೂಕ ಅರ್ಧ ಕಿಲೋಗಿಂತ ಹೆಚ್ಚು. ಪರದೆ ಎಲ್‌ಸಿಡಿ, ಅಂದ್ರೆ ಆ ಕಾಲದ ಲ್ಯಾಪ್‌ಟಾಪ್ ಪರದೆಯ ಸಣ್ಣ ತಮ್ಮ. 2000ದಲ್ಲಿ ಜೆಮ್‌ಸ್ಟಾರ್ ಅನ್ನೋ ಒಂದೇ ಕಂಪನಿ ಈ ಎರಡನ್ನೂ ಕೊಂಡುಕೊಂಡಿತು. 2003ರಲ್ಲಿ ಇ-ಪುಸ್ತಕದ ವ್ಯಾಪಾರವನ್ನೇ ನಿಲ್ಲಿಸಿಬಿಡ್ತು. ಪುಸ್ತಕ ಕೊಂಡವರ ಹತ್ತಿರ ಉಪಕರಣ ಉಳಿಯಿತು, ಅಂಗಡಿ ಹೋಯ್ತು. ಇದನ್ನ ನೆನಪಿಟ್ಟುಕೊಳ್ಳಿ, ಈ ಕಥೆಯಲ್ಲಿ ಇದು ಮತ್ತೆ ಮತ್ತೆ ಆಗುತ್ತೆ.

ಕಾಗದದಂಥ ಪರದೆ, ಅರವತ್ತು ದಿನದ ಪುಸ್ತಕ

ಪರದೆಯ ಸಮಸ್ಯೆ ಬಗೆಹರಿಸಿದ್ದು ಎಂಐಟಿ ಮೀಡಿಯಾ ಲ್ಯಾಬ್. ಅಲ್ಲಿ ಜೋಸೆಫ್ ಜೇಕಬ್ಸನ್ ಮತ್ತು ಅವರ ವಿದ್ಯಾರ್ಥಿಗಳು ಮಾಡಿದ ಕೆಲಸದಿಂದ 1997ರಲ್ಲಿ ಇ ಇಂಕ್ ಕಂಪನಿ ಹುಟ್ಟಿತು. ಉಪಾಯ ನಿಜಕ್ಕೂ ಸರಳ. ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಗುಳಿಗೆಗಳು. ಪ್ರತಿ ಗುಳಿಗೆಯ ಒಳಗೆ ದ್ರವ, ಅದರಲ್ಲಿ ತೇಲೋ ಬಿಳಿ ಕಣ, ಕಪ್ಪು ಕಣ. ಬಿಳಿಯದಕ್ಕೆ ಒಂದು ವಿದ್ಯುದಂಶ, ಕಪ್ಪಿನದಕ್ಕೆ ಅದರ ವಿರುದ್ಧ. ಕೆಳಗಿನಿಂದ ವೋಲ್ಟೇಜ್ ಕೊಟ್ಟರೆ ಒಂದು ಬಣ್ಣ ಮೇಲೆ ಬರುತ್ತೆ, ಇನ್ನೊಂದು ಕೆಳಗೆ ಹೋಗುತ್ತೆ. ಒಮ್ಮೆ ಬಂದ ಮೇಲೆ ಕರೆಂಟ್ ತೆಗೆದರೂ ಅಲ್ಲೇ ನಿಲ್ಲುತ್ತೆ. ಹಾಗಾಗಿ ಪುಟ ತಿರುಗಿಸುವಾಗ ಮಾತ್ರ ಪರದೆಗೆ ಕರೆಂಟ್ ಬೇಕು. ವಾರಗಟ್ಟಲೆ ಬ್ಯಾಟರಿ ಬರೋದು ಇದರಿಂದ. ಪರದೆ ತಾನಾಗಿ ಬೆಳಕು ಬಿಡೋದಿಲ್ಲ, ಕಾಗದದ ಹಾಗೆ ಹೊರಗಿನ ಬೆಳಕನ್ನ ಪ್ರತಿಫಲಿಸುತ್ತೆ. ಬಿಸಿಲಲ್ಲೂ ಓದಬಹುದು.

ಇದನ್ನ ಮೊದಲು ಮಾರಾಟಕ್ಕೆ ತಂದದ್ದು ಸೋನಿ. 2004ರಲ್ಲಿ ಜಪಾನಿನಲ್ಲಿ, ಲಿಬ್ರಿಯೆ ಅಂತ ಹೆಸರು. ಪರದೆ ನೋಡಿ ಜನ ಬೆರಗಾದರು. ಆದ್ರೆ ಅದು ನಡೀಲಿಲ್ಲ. ಯಾಕೆ ಗೊತ್ತಾ? ದುಡ್ಡು ಕೊಟ್ಟು ಇಳಿಸಿಕೊಂಡ ಪುಸ್ತಕ ಅರವತ್ತು ದಿನ ಆದ ಮೇಲೆ ತೆರೀತಾನೇ ಇರಲಿಲ್ಲ. ಪರದೆ ಎಷ್ಟೇ ಚೆನ್ನಾಗಿದ್ದರೂ ಪುಸ್ತಕ ನನ್ನದಲ್ಲ ಅಂದ್ರೆ ಯಾರು ಕೊಳ್ತಾರೆ? ಪರದೆಯ ಹಿಂದೆ ಬೀಗ ಇದೆ ಅನ್ನೋದು ಓದುಗರಿಗೆ ಕಣ್ಣಿಗೆ ಹೊಡೆದ ಹಾಗೆ ಕಂಡದ್ದು ಆಗ.

ಈ ಬೀಗದ ಹೆಸರು ಡಿಆರ್‌ಎಂ. ಇಂಜಿನಿಯರ್ ಭಾಷೆ ಬಿಟ್ಟು ಹೇಳ್ತೀನಿ. ಇ-ಪುಸ್ತಕ ಅನ್ನೋದು ಒಂದು ಫೈಲು. ಮಾರೋರು ಆ ಫೈಲನ್ನ ಗೂಢಲಿಪಿಗೆ ಬದಲಾಯಿಸಿ ಕೊಡ್ತಾರೆ. ಅದನ್ನ ಬಿಡಿಸೋ ಬೀಗದಕೈ ನಿಮ್ಮ ಕೈಗೆ ಬರೋದಿಲ್ಲ, ನಿಮ್ಮ ಖಾತೆ ಮತ್ತು ಉಪಕರಣಕ್ಕೆ ಕಟ್ಟಿರ್ತಾರೆ. ಕಂಪನಿಯ ಸರ್ವರ್ ಹೂಂ ಅಂದ್ರೆ ಪುಸ್ತಕ ತೆರೆಯುತ್ತೆ. ಅಮೆರಿಕದಲ್ಲಿ 1998ರ ಕಾಯ್ದೆ ಪ್ರಕಾರ ಈ ಬೀಗ ಮುರಿಯೋದೇ ತಪ್ಪು. ನಮ್ಮಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಸ್ವಲ್ಪ ಮೆದು: ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಮುರಿದರೆ ಮಾತ್ರ ಅಪರಾಧ, ಎರಡು ವರ್ಷದವರೆಗೆ ಜೈಲು.

ಎರಡು ಬೀಗದ ಕಥೆ

ಈಗ 2007ಕ್ಕೆ ಬರೋಣ. ನವೆಂಬರ್ 19ರಂದು ಅಮೆಜಾನ್ ಕಿಂಡಲ್ ಬಂತು. ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ಎಲ್ಲಾ ಖಾಲಿ. ಪರದೆ ಅದೇ ಇ ಇಂಕ್, ಸೋನಿ ಹತ್ತಿರವೂ ಇತ್ತು. ಹೊಸದು ಏನಪ್ಪಾ ಅಂದ್ರೆ ಒಳಗೊಂದು ಮೊಬೈಲ್ ಸಂಪರ್ಕ. ಕಂಪ್ಯೂಟರ್ ಬೇಡ, ಕೇಬಲ್ ಬೇಡ, ಕೂತಲ್ಲೇ ಪುಸ್ತಕ ಕೊಂಡರೆ ಒಂದು ನಿಮಿಷದೊಳಗೆ ಬರ್ತಿತ್ತು. ಆ ಅನುಕೂಲದ ಮುಂದೆ ಯಾರೂ ಬೀಗದ ಬಗ್ಗೆ ಕೇಳಲಿಲ್ಲ.

ಆದ್ರೆ ಅದೇ 2007ರಲ್ಲಿ ಇನ್ನೊಂದು ಸಂಗತಿ ನಡೀತು. ಪ್ರಕಾಶಕರು ಮತ್ತು ಸಾಫ್ಟ್‌ವೇರ್ ಕಂಪನಿಗಳು ಸೇರಿದ ಒಂದು ಒಕ್ಕೂಟ ಇಪಬ್ ಅನ್ನೋ ಸಾಮಾನ್ಯ ಮಾದರಿಯನ್ನ ಅಧಿಕೃತ ಮಾಡ್ತು. ಇಪಬ್ ಅಂದ್ರೆ ಒಳಗೆ ವೆಬ್ ಪುಟಗಳೇ. ಅವನ್ನ ಒಂದು ಗಂಟಿನಲ್ಲಿ ಕಟ್ಟಿರ್ತಾರೆ ಅಷ್ಟೆ. ಯಾರು ಬೇಕಾದ್ರೂ ಇಪಬ್ ಓದೋ ಉಪಕರಣ ಮಾಡಬಹುದು. ಸೋನಿ, ಬಾರ್ನ್ಸ್ ಅಂಡ್ ನೋಬಲ್‌ನ ನೂಕ್, ಕೆನಡಾದ ಕೋಬೋ, ಎಲ್ಲರೂ ಇದಕ್ಕೆ ಬಂದರು. ಬೀಗ ಹಾಕೋರು ಅಡೋಬಿ ಕಂಪನಿಯ ಬೀಗ ಬಳಸಿದರು. ಬೀಗ ಬೀಗವೇ, ಆದ್ರೂ ಹಲವು ಕಂಪನಿಗಳ ಉಪಕರಣದಲ್ಲಿ ತೆರೆಯೋ ಬೀಗ.

ಅಮೆಜಾನ್ ಮಾತ್ರ ಈ ಸಾಲಲ್ಲಿ ನಿಲ್ಲಲಿಲ್ಲ. 2005ರಲ್ಲೇ ಮೊಬಿಪಾಕೆಟ್ ಅನ್ನೋ ಫ್ರೆಂಚ್ ಕಂಪನಿಯನ್ನ ಕೊಂಡುಕೊಂಡಿತ್ತು. ಅದರ ಮಾದರಿಗೆ ತನ್ನದೇ ಬೀಗ ಹಾಕಿ ಕಿಂಡಲ್ ಪುಸ್ತಕ ಮಾಡ್ತು. ಅಂದ್ರೆ ಕಿಂಡಲ್ ಅಂಗಡಿಯ ಪುಸ್ತಕ ಅಮೆಜಾನ್ ಉಪಕರಣ ಅಥವಾ ಅಮೆಜಾನ್ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯೋದಿಲ್ಲ. ಕಿಂಡಲ್ಲೋ ಕೋಬೋನೋ ಅನ್ನೋ ಪ್ರಶ್ನೆಯ ಬೇರು ಇರೋದು ಇಲ್ಲಿ.

ಈ ವ್ಯತ್ಯಾಸದಿಂದ ಏನಾಗುತ್ತೆ ಅಂತ ಮೂರು ಘಟನೆ ಹೇಳ್ತೀನಿ.

ಒಂದು, 2009ರ ಜುಲೈ. ಕಿಂಡಲ್ ಅಂಗಡಿಯಲ್ಲಿ ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಅನ್ನ ಹಕ್ಕಿಲ್ಲದವರು ಮಾರಿದ್ದರು. ಅದು ಗೊತ್ತಾದಾಗ ಅಮೆಜಾನ್ ದುಡ್ಡು ವಾಪಸ್ ಕೊಟ್ಟು, ಜನರ ಕಿಂಡಲ್ ಒಳಗಿದ್ದ ಪುಸ್ತಕವನ್ನೇ ದೂರದಿಂದ ಅಳಿಸಿ ಹಾಕಿತು. ಸರ್ಕಾರ ಎಲ್ಲರ ಮೇಲೂ ಕಣ್ಣಿಟ್ಟು, ಹಳೇ ದಾಖಲೆ ತಿದ್ದೋ ಕಾದಂಬರಿಯೇ ಹೀಗೆ ಮಾಯ ಆಗಿದ್ದು! ಒಬ್ಬ ಶಾಲಾ ಹುಡುಗ ಪುಸ್ತಕದ ಜೊತೆ ಬರೆದುಕೊಂಡಿದ್ದ ಟಿಪ್ಪಣಿಗಳು ಕೆಲಸಕ್ಕೆ ಬಾರದೆ ಹೋದವು ಅಂತ ಕೋರ್ಟಿಗೆ ಹೋದ. ಜೆಫ್ ಬೆಜೋಸ್ ಕ್ಷಮೆ ಕೇಳಿದರು, ಮೊಕದ್ದಮೆ 1,50,000 ಡಾಲರ್‌ಗೆ ರಾಜಿ ಆಯ್ತು.

ಎರಡು, 2014. ಸೋನಿ ಅಮೆರಿಕದ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿತು. ಇಪಬ್ ಸಾಲಿನಲ್ಲೇ ಇದ್ದದ್ದರಿಂದ ಗಿರಾಕಿಗಳನ್ನ ಕೋಬೋಗೆ ದಾಟಿಸೋಕೆ ಸಾಧ್ಯ ಆಯ್ತು.

ಮೂರು, 2019. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿತು. ದುಡ್ಡೇನೋ ವಾಪಸ್ ಬಂತು. ಆದ್ರೆ ಕೊಂಡಿದ್ದ ಪುಸ್ತಕಗಳು ಜುಲೈ ತಿಂಗಳಲ್ಲಿ ತೆರೆಯದೇ ಹೋದವು. ಬೀಗದಕೈ ಇಟ್ಟುಕೊಂಡಿದ್ದ ಸರ್ವರ್ ಆರಿಸಿದ ಮೇಲೆ ಬೀಗ ತೆರೆಯೋರು ಯಾರು?

2025ರ ಫೆಬ್ರವರಿ 26ರಿಂದ ಅಮೆಜಾನ್ ಇನ್ನೊಂದು ಬಾಗಿಲು ಮುಚ್ಚಿದೆ. ಅಲ್ಲಿವರೆಗೆ ಕೊಂಡ ಪುಸ್ತಕದ ಫೈಲನ್ನ ಕಂಪ್ಯೂಟರ್‌ಗೆ ಇಳಿಸಿ ಕೇಬಲ್ ಮೂಲಕ ಕಿಂಡಲ್‌ಗೆ ಹಾಕಬಹುದಿತ್ತು. ಈಗ ಆ ಸೌಲಭ್ಯ ಇಲ್ಲ. ನಿಮ್ಮದೇ ಬೇರೆ ಫೈಲುಗಳನ್ನ ಈಗಲೂ ಹಾಕಬಹುದು. 2022ರಿಂದ ಇಪಬ್ ಫೈಲನ್ನೂ ಸೆಂಡ್ ಟು ಕಿಂಡಲ್ ಮೂಲಕ ಕಳಿಸಬಹುದು. ಅಂಗಡಿಯಲ್ಲಿ ಕೊಂಡದ್ದು ಮಾತ್ರ ಅಂಗಡಿಯ ಕಣ್ಗಾವಲಲ್ಲೇ ಇರುತ್ತೆ.

ಲೈಬ್ರರಿ ಕಳಕೊಂಡದ್ದು

ಇಲ್ಲಿವರೆಗೆ ನಮ್ಮ ನಿಮ್ಮ ಜೇಬಿನ ವಿಷಯ. ಇನ್ನು ಮುಂದಿನದು ನನಗೆ ಹೆಚ್ಚು ಮುಖ್ಯ ಅನ್ನಿಸೋದು.

ನಮ್ಮ ಕನ್ನಡ ಸಂಘದಲ್ಲಿ ಪುಸ್ತಕದ ಬೀರುಗಳನ್ನ ನೋಡಿಕೊಳ್ಳೋರು ಧಾರವಾಡ ಕಡೆಯ ಒಬ್ಬ ಕಾಕಾ. ರಿಟೈರ್ ಆದವರು, ಪ್ರತಿ ಭಾನುವಾರ ಬೀಗ ತೆಗೆದು ಕೂತಿರ್ತಾರೆ. ಊರು ಬಿಟ್ಟು ಹೋಗೋರು ಕೊಟ್ಟ ಪುಸ್ತಕಗಳೇ ಅಲ್ಲಿ ಹೆಚ್ಚು. ಅವರು ಒಂದು ಸಲ ನನ್ನ ರೀಡರ್ ಕೈಗೆ ತಗೊಂಡು ಹಿಂದೆ ಮುಂದೆ ನೋಡಿ, "ಭಾಳ ಛಲೋ ಅದ ತಮ್ಮಾ. ಇದರಾಗಿನ ಪುಸ್ತಕ ಓದಿ ಮುಗದ ಮ್ಯಾಲೆ ಸಂಘಕ್ಕ ಕೊಡಾಕ ಬರ್ತದೇನ?" ಅಂತ ಕೇಳಿದರು. ಬರೋದಿಲ್ಲ ಕಾಕಾ ಅಂದೆ. "ಹಂಗಾರ ಇದು ಕೊಂಡದ್ದು ಹೆಂಗಾತು?" ಅಂದರು.

ಈ ಪ್ರಶ್ನೆಗೆ ಕಾನೂನಿನಲ್ಲಿ ನೂರು ವರ್ಷಕ್ಕೂ ಹಳೆಯ ಉತ್ತರ ಇದೆ. ಅಮೆರಿಕದಲ್ಲಿ ಬಾಬ್ಸ್-ಮೆರಿಲ್ ಅನ್ನೋ ಪ್ರಕಾಶಕರು 'ದಿ ಕ್ಯಾಸ್ಟ್‌ಅವೇ' ಅನ್ನೋ ಕಾದಂಬರಿಯ ಒಳಗೆ ಒಂದು ಎಚ್ಚರಿಕೆ ಅಚ್ಚು ಹಾಕಿದ್ದರು: ಒಂದು ಡಾಲರ್‌ಗಿಂತ ಕಡಿಮೆಗೆ ಮಾರಿದರೆ ಕೃತಿಸ್ವಾಮ್ಯ ಉಲ್ಲಂಘನೆ ಅಂತ. ಮೇಸೀಸ್ ಅಂಗಡಿಯವರು ಅದನ್ನ 89 ಸೆಂಟಿಗೆ ಮಾರಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. 1908ರಲ್ಲಿ ತೀರ್ಪು ಬಂತು. ಪ್ರತಿಯನ್ನ ಒಮ್ಮೆ ಮಾರಿದ ಮೇಲೆ ಅದನ್ನ ಮುಂದೆ ಎಷ್ಟಕ್ಕೆ ಮಾರಬೇಕು ಅಂತ ಹೇಳೋ ಅಧಿಕಾರ ಪ್ರಕಾಶಕರಿಗೆ ಉಳಿಯೋದಿಲ್ಲ ಅನ್ನೋದು ಅದರ ಸಾರ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ನೂ, ಈಗಾಗಲೇ ಚಲಾವಣೆಯಲ್ಲಿರೋ ಪ್ರತಿಗಳನ್ನ ಲೇಖಕರ ಹಂಚಿಕೆಯ ಹಕ್ಕಿನಿಂದ ಹೊರಗಿಡುತ್ತೆ.

ಲೈಬ್ರರಿ ಅನ್ನೋ ವ್ಯವಸ್ಥೆ ಈ ತತ್ವದ ಮೇಲೆ ನಿಂತಿದೆ. ಲೈಬ್ರರಿ ಪುಸ್ತಕ ಕೊಳ್ಳುತ್ತೆ. ಕೊಂಡ ಮೇಲೆ ನೂರು ಜನಕ್ಕೆ ಕೊಡಬಹುದು, ಐವತ್ತು ವರ್ಷ ಇಟ್ಟುಕೊಳ್ಳಬಹುದು, ಹರಿದರೆ ಹೊಲಿದು ಬೈಂಡ್ ಮಾಡಿಸಬಹುದು. ಪ್ರಕಾಶಕರ ಒಪ್ಪಿಗೆ ಬೇಡ.

ಇ-ಪುಸ್ತಕದಲ್ಲಿ ಈ ತತ್ವ ನಡೆಯೋದಿಲ್ಲ. ಯಾಕಂದ್ರೆ ಅಲ್ಲಿ ಮಾರಾಟವೇ ಆಗಿಲ್ಲ ಅನ್ನೋದು ಪ್ರಕಾಶಕರ ವಾದ. ಆಗಿರೋದು ಪರವಾನಗಿ. ಬಟನ್ ಮೇಲೆ 'ಕೊಳ್ಳಿ' ಅಂತ ಇದ್ದರೂ ಷರತ್ತು ಓದಿದರೆ ಪರವಾನಗಿ ಅಂತಲೇ ಇರುತ್ತೆ. ಎಂಟೆಕ್ ಮಾಡುವಾಗ ನಮ್ಮ ಕಾಲೇಜು ಲೈಬ್ರರಿ ಸಾವಿರಾರು ಇ-ಪುಸ್ತಕಗಳಿಗೆ ಚಂದಾ ಕಟ್ಟುತ್ತಿತ್ತು. ಚಂದಾ ಕಟ್ಟಿರೋ ತನಕ ಅವು ಇದ್ದವು. ಕಟ್ಟೋದು ನಿಲ್ಲಿಸಿದರೆ ಕಪಾಟಿನಲ್ಲಿ ಉಳಿಯೋದು ಸೊನ್ನೆ. ಮುದ್ರಿತ ಪುಸ್ತಕಕ್ಕೆ ದುಡ್ಡು ಕೊಡೋದು ನಿಲ್ಲಿಸಿದರೂ ಮೊದಲು ಕೊಂಡದ್ದು ಅಲ್ಲೇ ಇರುತ್ತಲ್ವಾ?

ಅಮೆರಿಕದ ಸಾರ್ವಜನಿಕ ಲೈಬ್ರರಿಗಳಲ್ಲಿ ಇದು ಹೇಗೆ ನಡೀತು ನೋಡಿ. ಓಹಾಯೋದ ಓವರ್‌ಡ್ರೈವ್ ಕಂಪನಿ 2003ರಲ್ಲಿ ಕ್ಲೀವ್‌ಲ್ಯಾಂಡ್ ಸಾರ್ವಜನಿಕ ಲೈಬ್ರರಿಗೆ ಇ-ಪುಸ್ತಕ ಎರವಲು ಕೊಡೋ ವ್ಯವಸ್ಥೆ ಮಾಡಿಕೊಟ್ಟಿತು. ಮುಂದೆ ಸಾವಿರಾರು ಲೈಬ್ರರಿಗಳು ಸೇರಿದವು. ಇವತ್ತು ಲಿಬ್ಬಿ ಅಂತ ಕರೆಯೋ ಆ್ಯಪ್ ಇವರದ್ದೇ, 2017ರಲ್ಲಿ ಬಂದದ್ದು. ನಿಯಮ: ಒಂದು ಪರವಾನಗಿ, ಒಂದು ಸಲಕ್ಕೆ ಒಬ್ಬ ಓದುಗ. ಫೈಲನ್ನ ಲಕ್ಷ ಜನಕ್ಕೆ ಒಟ್ಟಿಗೆ ಕೊಡಬಹುದಾದ ತಂತ್ರಜ್ಞಾನದಲ್ಲಿ ಬೇಕಂತಲೇ ಕ್ಯೂ ಹುಟ್ಟಿಸಿದ್ದಾರೆ. ಲೇಖಕರ ಸಂಪಾದನೆ ಉಳೀಬೇಕು ಅಂದ್ರೆ ಇಷ್ಟು ತಡೆ ಇರಲಿ ಅಂತ ಲೈಬ್ರರಿಗಳೂ ಒಪ್ಪಿದವು. ಇದರಲ್ಲಿ ನ್ಯಾಯ ಇದೆ ಅಂತ ನನಗೂ ಅನ್ನಿಸುತ್ತೆ.

ಆದ್ರೆ ಪ್ರಕಾಶಕರು ಅಲ್ಲಿಗೆ ನಿಲ್ಲಲಿಲ್ಲ. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಹೊಸ ಷರತ್ತು ತಂದಿತು: ಒಂದು ಇ-ಪುಸ್ತಕವನ್ನ 26 ಸಲ ಎರವಲು ಕೊಟ್ಟ ಮೇಲೆ ಪರವಾನಗಿ ಮುಗೀತು, ಬೇಕಿದ್ದರೆ ಮತ್ತೆ ಕೊಳ್ಳಿ. ಲೆಕ್ಕ ಸರಳ, ಎರಡು ವಾರದಂತೆ 26 ಸಲ ಅಂದ್ರೆ ಒಂದು ವರ್ಷ. ಮುದ್ರಿತ ಪುಸ್ತಕ ಸವೆಯುತ್ತೆ, ಇದೂ ಸವೆಯಲಿ ಅನ್ನೋದು ವಾದ. ಇದನ್ನ ಕೇಳಿ ಕೆಲವು ಲೈಬ್ರೇರಿಯನ್‌ಗಳು 26ಕ್ಕಿಂತ ಹೆಚ್ಚು ಸಲ ಹೋಗಿ ಬಂದರೂ ಗಟ್ಟಿಯಾಗಿರೋ ಮುದ್ರಿತ ಪುಸ್ತಕಗಳನ್ನ ವೀಡಿಯೋ ಮಾಡಿ ತೋರಿಸಿದರು. ಬೇರೆ ದೊಡ್ಡ ಪ್ರಕಾಶಕರು ಎರಡು ವರ್ಷದ ಪರವಾನಗಿಯ ದಾರಿ ಹಿಡಿದರು. 2019ರ ನವೆಂಬರ್‌ನಲ್ಲಿ ಮ್ಯಾಕ್‌ಮಿಲನ್ ಇನ್ನೂ ಮುಂದೆ ಹೋಯ್ತು: ಹೊಸ ಪುಸ್ತಕ ಬಂದ ಮೊದಲ ಎಂಟು ವಾರ, ಲೈಬ್ರರಿ ಎಷ್ಟೇ ದೊಡ್ಡದಿರಲಿ, ಒಂದೇ ಒಂದು ಇ-ಪ್ರತಿ. ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯಂಥ ಲೈಬ್ರರಿಗಳು ಮ್ಯಾಕ್‌ಮಿಲನ್ ಹೊಸ ಇ-ಪುಸ್ತಕ ಕೊಳ್ಳೋದನ್ನೇ ನಿಲ್ಲಿಸಿದವು. 2020ರ ಮಾರ್ಚ್‌ನಲ್ಲಿ ಮ್ಯಾಕ್‌ಮಿಲನ್ ಆ ನಿಯಮ ವಾಪಸ್ ತಗೊಂಡಿತು.

ಯೂರೋಪಿನಲ್ಲಿ ಬೇರೆ ಗಾಳಿ ಬೀಸಿತು. 2016ರ ನವೆಂಬರ್‌ನಲ್ಲಿ ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ನೆದರ್‌ಲ್ಯಾಂಡ್ಸ್‌ನ ಲೈಬ್ರರಿಗಳ ಕೇಸಿನಲ್ಲಿ, ಒಂದು ಪ್ರತಿ ಒಬ್ಬ ಓದುಗ ಅನ್ನೋ ಶಿಸ್ತಿನಲ್ಲಿ ಕೊಟ್ಟರೆ ಇ-ಪುಸ್ತಕದ ಎರವಲನ್ನೂ ಮುದ್ರಿತ ಪುಸ್ತಕದ ಎರವಲಿನ ಹಾಗೇ ಕಾಣಬಹುದು ಅಂದಿತು. ಅಮೆರಿಕದಲ್ಲಿ ಇಂಟರ್ನೆಟ್ ಆರ್ಕೈವ್ ಹೆಚ್ಚುಕಡಿಮೆ ಇದನ್ನೇ ಮಾಡಿತ್ತು. ಮುದ್ರಿತ ಪುಸ್ತಕ ಸ್ಕ್ಯಾನ್ ಮಾಡಿ, ಕೈಯಲ್ಲಿರೋ ಪ್ರತಿಗಳಷ್ಟೇ ಜನಕ್ಕೆ ಒಂದು ಸಲಕ್ಕೆ ಕೊಡೋದು. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದ ಲೈಬ್ರರಿಗಳೆಲ್ಲ ಮುಚ್ಚಿದಾಗ, ಆ ಮಿತಿಯನ್ನ ತಾತ್ಕಾಲಿಕವಾಗಿ ತೆಗೆದುಹಾಕಿತು. ಜೂನ್‌ನಲ್ಲಿ ನಾಲ್ಕು ದೊಡ್ಡ ಪ್ರಕಾಶಕರು ಕೇಸು ಹಾಕಿದರು. 2023ರಲ್ಲಿ ಕೆಳ ಕೋರ್ಟು, 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು, ಎರಡೂ ಪ್ರಕಾಶಕರ ಪರ ತೀರ್ಪು ಕೊಟ್ಟವು. ತಾತ್ಕಾಲಿಕ ರಿಯಾಯಿತಿ ಅಷ್ಟೇ ಅಲ್ಲ, ಲೆಕ್ಕ ಇಟ್ಟು ಕೊಡೋ ಮೂಲ ಪದ್ಧತಿಯೂ ಆ ಪುಸ್ತಕಗಳ ಮಟ್ಟಿಗೆ ನಿಂತುಹೋಯ್ತು.

ಹಾಗಾದ್ರೆ ಕಾಕಾ ಕೇಳಿದ ಪ್ರಶ್ನೆಗೆ ಇವತ್ತಿನ ಉತ್ತರ: ಪುಸ್ತಕ ಕೊಂಡಿಲ್ಲ, ಓದೋಕೆ ಒಪ್ಪಿಗೆ ಕೊಂಡಿದ್ದೇವೆ. ಲೈಬ್ರರಿಯದ್ದೂ ಅದೇ ಪಾಡು.

ಎರವಲು ಪುಸ್ತಕ ಮತ್ತು ಉಪಕರಣ

ಬೀಗದ ಜಗಳ ಎರವಲಿಗೂ ಬಂತು. ಲೈಬ್ರರಿಗಳ ಇ-ಪುಸ್ತಕ ಹೆಚ್ಚಾಗಿ ಅಡೋಬಿ ಬೀಗದ ಇಪಬ್ ಆಗಿದ್ದವು. ಹಾಗಾಗಿ ಸೋನಿ, ನೂಕ್, ಕೋಬೋದಲ್ಲಿ ತೆರೀತಿದ್ದವು, ಕಿಂಡಲ್‌ನಲ್ಲಿ ಇಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಮತ್ತು ಓವರ್‌ಡ್ರೈವ್ ಒಪ್ಪಂದ ಆಗಿ ಅಮೆರಿಕದ 11,000ದಷ್ಟು ಲೈಬ್ರರಿಗಳ ಪುಸ್ತಕ ಕಿಂಡಲ್‌ಗೆ ಬಂದವು. ಅದು ಅಮೆರಿಕದ ಲೈಬ್ರರಿಗಳಿಗೆ ಮಾತ್ರ, ಇವತ್ತಿಗೂ. ಕೋಬೋ ಇನ್ನೊಂದು ದಾರಿ ಹಿಡಿಯಿತು. ಕೋಬೋದ ಒಡೆತನ 2012ರಿಂದ ಜಪಾನಿನ ರಾಕುಟೆನ್‌ದು. ಅದೇ ರಾಕುಟೆನ್ 2015ರಲ್ಲಿ ಓವರ್‌ಡ್ರೈವ್ ಅನ್ನೂ ಕೊಂಡಿತು, 2020ರಲ್ಲಿ ಮಾರಿತು. ಆ ನಡುವೆ, 2016ರಿಂದ, ಕೋಬೋ ಉಪಕರಣದ ಒಳಗೇ ಲೈಬ್ರರಿಯ ಬಾಗಿಲು ಬಂತು. ಕೆನಡಾದಲ್ಲೋ ಬ್ರಿಟನ್ನಿನಲ್ಲೋ ಇರೋ ನಿಮ್ಮ ಅಣ್ಣ, ಅಕ್ಕ "ಕೋಬೋನೇ ತಗೋ" ಅಂತ ಹೇಳೋದು ಇದಕ್ಕೆ. ಅವರ ಊರಿನಲ್ಲಿ ಅದು ಸರಿಯಾದ ಸಲಹೆ. ಅಮೆರಿಕದವರಾದ್ರೆ ಎರಡರಲ್ಲೂ ನಡೆಯುತ್ತೆ. ಆದ್ರೆ ಅವರ ಸಲಹೆಯನ್ನ ಹಾಗೇ ಇಲ್ಲಿಗೆ ತಂದುಕೊಂಡರೆ ಕೆಲಸಕ್ಕೆ ಬರೋದಿಲ್ಲ. ಆ ಬಾಗಿಲು ತೆರೆಯೋದು ಲೈಬ್ರರಿ ಕಾರ್ಡಿನಿಂದ, ಉಪಕರಣದಿಂದಲ್ಲ.

ಕನ್ನಡಕ್ಕೆ ಬಂದಾಗ

ಕಿಂಡಲ್ 2009ರ ಅಕ್ಟೋಬರ್‌ನಿಂದ ಹೊರದೇಶಗಳಿಗೂ ಬರೋಕೆ ಶುರುವಾಯ್ತು. 2012ರ ಆಗಸ್ಟ್‌ನಲ್ಲಿ ಭಾರತಕ್ಕಾಗಿ ರೂಪಾಯಿ ಬೆಲೆಯ ಕಿಂಡಲ್ ಅಂಗಡಿ ತೆರೆಯಿತು. 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಐದೂ ಎಣಿಸಿ ನೋಡಿ. ಕನ್ನಡ ಇಲ್ಲ. ಚೆನ್ನೈಯಲ್ಲಿರೋ ತಮಿಳು ಓದುಗರಿಗೆ, ಪುಣೆಯ ಮರಾಠಿ ಓದುಗರಿಗೆ ಅಂಗಡಿ ಸಿಕ್ಕಿತು. ಅದೇ ಊರಲ್ಲಿ ಪಕ್ಕದ ಮನೆಯ ಕನ್ನಡಿಗನಿಗೆ ಸಿಗಲಿಲ್ಲ. ಜನ ಮನವಿ ಮಾಡಿದರು, ಅಭಿಯಾನ ಮಾಡಿದರು.

ಬೀಗದಕೈ ಒಬ್ಬರ ಹತ್ತಿರ ಇದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಮುದ್ರಿತ ಪುಸ್ತಕದ ಕಾಲದಲ್ಲಿ ಗದಗಿನಲ್ಲೋ ಪುತ್ತೂರಿನಲ್ಲೋ ಅಚ್ಚಾದ ಪುಸ್ತಕ ದೆಹಲಿಯ ಓದುಗನಿಗೆ ತಲುಪೋಕೆ ಯಾವ ಕಂಪನಿಯ ಭಾಷಾಪಟ್ಟಿಯಲ್ಲೂ ಹೆಸರು ಇರಬೇಕಿರಲಿಲ್ಲ. ಒಂದು ಅಂಚೆ ಚೀಟಿ ಸಾಕಿತ್ತು.

ನಮ್ಮ ಕಡೆಯ ಒಂದು ತೊಡಕನ್ನೂ ಹೇಳಬೇಕು. ಕನ್ನಡ ಪ್ರಕಾಶನದ ಡಿಟಿಪಿ ಕೆಲಸ ಬಹುಕಾಲ ನುಡಿ, ಶ್ರೀಲಿಪಿಯಂಥ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ನಡೀತು. ಕಾಗದದ ಮೇಲೆ ಅಚ್ಚುಕಟ್ಟಾಗಿ ಬರುತ್ತೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಇಪಬ್‌ಗೆ ಬೇಕಾದದ್ದು ಯೂನಿಕೋಡ್. ಹಾಗಾಗಿ ಹಳೇ ಪುಸ್ತಕವನ್ನ ಇ-ಪುಸ್ತಕ ಮಾಡೋದು ಅಂದ್ರೆ ಪರಿವರ್ತನೆ, ಆಮೇಲೆ ಸಾಲು ಸಾಲಾಗಿ ಕರಡು ತಿದ್ದೋ ಕೆಲಸ. ಈ ಕಷ್ಟದ ನಡುವೆಯೂ ಮೈಲ್ಯಾಂಗ್‌ನಂಥ ಆ್ಯಪ್‌ಗಳು ಕನ್ನಡ ಇ-ಪುಸ್ತಕ, ಆಡಿಯೋ ಪುಸ್ತಕ ತಂದಿವೆ. ಗೂಗಲ್ ಪ್ಲೇ ಬುಕ್ಸ್‌ನಲ್ಲೂ ಕನ್ನಡ ಪುಸ್ತಕ ಸಿಗುತ್ತವೆ.

ಲೈಬ್ರರಿ ವಿಷಯದಲ್ಲಿ ನಮಗೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಅದರ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ಶುರು ಮಾಡ್ತು. ಹೊರನಾಡಿನ ನಮಗೆ ಇದು ಬಹಳ ಉಪಯೋಗದ್ದು. ಇದರ ಜೊತೆಗೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೇ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಸರ್ಕಾರದ ಕಣಜ ಇದೆ. ಕನ್ನಡ ವಿಕಿಸೋರ್ಸ್ ಇದೆ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಹಾಗಾಗಿ ಮುದ್ದಣ, ಕೆರೂರು ವಾಸುದೇವಾಚಾರ್ಯ, ಪಂಜೆ ಮಂಗೇಶರಾಯರು, ಗಳಗನಾಥರು, ಬಿಎಂಶ್ರೀ, ಕೈಲಾಸಂ ಇವರೆಲ್ಲರ ಬರಹ ಈಗ ಎಲ್ಲರ ಸ್ವತ್ತು. ಇದಕ್ಕೆ ಬೀಗ ಹಾಕೋ ಹಕ್ಕು ಯಾರಿಗೂ ಇಲ್ಲ.

ಹಾಗಾದ್ರೆ ಏನು ಕೊಳ್ಳೋದು?

ಇಷ್ಟೆಲ್ಲ ಹೇಳಿ ಉತ್ತರ ಕೊಡದೇ ಹೋದರೆ ಬೈತೀರಿ. ಹೇಳ್ತೀನಿ.

ನೀವು ಹೆಚ್ಚು ಓದೋದು ಇಂಗ್ಲಿಷ್, ಅಂಗಡಿಯಲ್ಲಿ ಕೊಂಡು ಓದೋರು, ಒಮ್ಮೆ ಓದಿ ಮುಗಿಸಿ ಮುಂದೆ ಹೋಗೋರು ಅಂದ್ರೆ ಭಾರತದಲ್ಲಿ ಕಿಂಡಲ್ ಅನುಕೂಲ. ಆದ್ರೆ ಅದನ್ನ ದೀರ್ಘಕಾಲದ ಬಾಡಿಗೆ ಅಂತ ತಿಳಿದು ಕೊಳ್ಳಿ. ಜೀವನಪರ್ಯಂತ ಇಟ್ಟುಕೊಳ್ಳಬೇಕು ಅನ್ನಿಸೋ ಪುಸ್ತಕವನ್ನ ಮುದ್ರಣದಲ್ಲಿ ತಗೊಳ್ಳಿ.

ಮಕ್ಕಳ ಹತ್ತಿರ ವಿದೇಶದಲ್ಲಿ ವರ್ಷಕ್ಕೆ ಆರು ತಿಂಗಳು ಇರೋ ತಂದೆ ತಾಯಂದಿರು ಮೊದಲು ಅಲ್ಲಿನ ಲೈಬ್ರರಿ ಕಾರ್ಡ್ ಮಾಡಿಸಿ. ಅದು ಯಾವ ಉಪಕರಣಕ್ಕೆ ಪುಸ್ತಕ ಕೊಡುತ್ತೆ ಅಂತ ಕೇಳಿ, ಆಮೇಲೆ ಕೊಳ್ಳಿ.

ಕನ್ನಡ ಓದೋಕೆ ಅಂತಲೇ ತಗೊಳ್ಳೋರಿಗೆ ಎರಡು ಮಾತು. ಕನ್ನಡ ಪುಸ್ತಕದ ಆ್ಯಪ್‌ಗಳು ಬೇಕು ಅಂದ್ರೆ, ಆಂಡ್ರಾಯ್ಡ್ ಇರೋ ಇ ಇಂಕ್ ಉಪಕರಣ ನೋಡಿ, ಓನಿಕ್ಸ್ ಕಂಪನಿಯ ಬೂಕ್ಸ್ ಥರದ್ದು. ಬೆಲೆ ಜಾಸ್ತಿ, ಬ್ಯಾಟರಿ ಸ್ವಲ್ಪ ಕಡಿಮೆ, ಆದ್ರೆ ಯಾವ ಒಂದು ಅಂಗಡಿಗೂ ನೀವು ಕಟ್ಟುಬೀಳೋದಿಲ್ಲ. ಹಳೇ ಸ್ಕ್ಯಾನ್ ಪುಸ್ತಕ ಓದೋರು ಆರು ಇಂಚಿನದ್ದು ಬೇಡ. ಸ್ಕ್ಯಾನ್ ಅಂದ್ರೆ ಚಿತ್ರ, ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯ ಆಚೆ ಹೋಗುತ್ತೆ. ಹತ್ತು ಇಂಚಿನ ಆಸುಪಾಸು ಬೇಕು.

ಕೊಳ್ಳೋ ಮೊದಲು ಸ್ನೇಹಿತರ ಉಪಕರಣದಲ್ಲಿ ಒಂದು ಕನ್ನಡ ಇಪಬ್ ಹಾಕಿ 'ಕರ್ನಾಟಕ', 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಈ ನಾಲ್ಕು ಪದ ನೋಡಿ. 'ಕರ್ನಾಟಕ'ದಲ್ಲಿ ರಕಾರ ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಅರ್ಕಾವತ್ತಾಗಿ ಆಮೇಲೆ. ಈ ಜಾಗ ಬದಲಾವಣೆಯನ್ನ ಉಪಕರಣದ ಸಾಫ್ಟ್‌ವೇರ್ ಮಾಡಬೇಕು. ಫಾಂಟ್ ಇದ್ದರೆ ಸಾಲದು. ಒತ್ತಕ್ಷರ ಕಿತ್ತು ಪಕ್ಕದಲ್ಲಿ ಕೂತಿದ್ದರೆ ಆ ಉಪಕರಣ ಕನ್ನಡಕ್ಕೆ ಬೇಡ.

ಕೊನೆಯದಾಗಿ, ಬೀಗ ಇಲ್ಲದೆ ಮಾರೋ ಪ್ರಕಾಶಕರು ಸಿಕ್ಕರೆ ಅವರ ಹತ್ತಿರ ದುಡ್ಡು ಕೊಟ್ಟೇ ಕೊಳ್ಳಿ, ಫೈಲನ್ನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಬೀಗ ಬೇಡ ಅನ್ನೋ ವಾದ ನಿಲ್ಲಬೇಕಾದ್ರೆ ಬೀಗ ಇಲ್ಲದೆಯೂ ಲೇಖಕರಿಗೆ ಸಂಭಾವನೆ ಸಿಗುತ್ತೆ ಅಂತ ಓದುಗರು ತೋರಿಸಬೇಕು. ನಿಮ್ಮ ಊರಿನ ಕನ್ನಡ ಸಂಘದಲ್ಲಿ ಬೀರು ಇದ್ದರೆ, ಮುಂದಿನ ಸಲ ಮನೆ ಬದಲಾಯಿಸುವಾಗ ಒಂದು ಪೆಟ್ಟಿಗೆ ಅಲ್ಲಿಗೆ ಕೊಡಿ. ಅಲ್ಲಿರೋ ಪುಸ್ತಕಕ್ಕೆ 26 ಸಲದ ಲೆಕ್ಕ ಇಲ್ಲ.

ನಿಮ್ಮ ಊರಿನಲ್ಲಿ, ನಿಮ್ಮ ಲೈಬ್ರರಿಯಲ್ಲಿ ಕನ್ನಡ ಇ-ಪುಸ್ತಕ ಎರವಲು ಸಿಗುತ್ತಾ, ಯಾವ ಉಪಕರಣದಲ್ಲಿ ಕನ್ನಡ ಸರಿಯಾಗಿ ಮೂಡುತ್ತೆ, ದಯವಿಟ್ಟು ಬರೆದು ತಿಳಿಸಿ. ಹತ್ತು ಜನರ ಅನುಭವ ಸೇರಿದರೆ ಹನ್ನೊಂದನೆಯವರಿಗೆ ದುಡ್ಡು ಉಳಿಯುತ್ತೆ.